ಗೊಂಚಲು

ಅರವತ್ತೊಂದು ತಟ್ಟೆ ಬೆಳಗ್ತೀನಿ ದಿನಾ,
ಗುಡಿಬಂಡೆ ಕಡೆಯ ನಮ್ಮ ಸ್ಕೂಲಲ್ಲಿ.
ಲೋಟ ಮಾತ್ರ ಅರ್ಧಕ್ಕರ್ಧ ಒಣಗೇ ಇರ್ತವೆ.

"ನೀರು ಯಾಕೆ ಕುಡಿಯಲ್ಲವೇ ಗಂಗುಲಮ್ಮ?"
ಏಳನೇ ಕ್ಲಾಸಿನ ಹುಡುಗಿ ನೆಲ ನೋಡಿತು.
"ಸಾರೇ ಸಾಕಕ್ಕ."

ಹೆಣ್ಮಕ್ಕಳ ಪಾಯಿಖಾನೆಗೆ ಬೀಗ.
ಒಳಗೆ ಸುಣ್ಣದ ಡಬ್ಬ, ಕಾಲು ಮುರಿದ ಬೆಂಚು,
ಹೋದ ಎಲೆಕ್ಷನ್ನಿನ ಬ್ಯಾನರು.
ಸಾಹೇಬರು ಬರೋ ದಿನ ಮೇಷ್ಟ್ರು
ನನ್ನ ಗೊಂಚಲು ಇಸಕೊಂಡು ತೆಗೀತಾರೆ,
ಫೋಟೋ ಆದಮೇಲೆ ವಾಪಸು.

ಸಂಜೆ ಬೆಲ್ಲಿಗೆ ಎಲ್ಲ ಮನೆಗೆ ಓಡಿದರೆ
ಇವಳು ಚೀಲ ಹೊಟ್ಟೆಗೊತ್ತಿ
ಜಾಲಿ ಪೊದೆಯ ಕಡೆಗೆ.

ಅಕ್ಕಿ ಕೋಣೆಗೆ ಬೀಗ ಹಾಕ್ತಾ
ನಿನ್ನೆ ಬೆರಳಿಗೆ ತಾಗಿತು, ತುಕ್ಕು ಹಿಡಿದ ಚಿಕ್ಕ ಕೈ.
ಆರು ವರ್ಷ
ನನ್ನ ಸೊಂಟದಲ್ಲೇ ಇತ್ತು.

ಇವತ್ತು ಬೇಳೆ ಬೇಯೋಕಿಟ್ಟು
ಬೆಂಚು ಹೊರಗೆಳೀತಿದೀನಿ.
ಮೇಷ್ಟ್ರು ಕೇಳಿದರೆ, ಸೌದೆಗೆ ಅಂತೀನಿ.