ವಿಷಯ ಸಂಖ್ಯೆ ಏಳು

ಬರಕ್ಕೂ ನೆರೆಗೂ ಸೇರಿ ಒಂದೇ ಸಭೆ,
ಒಂದೇ ತಟ್ಟೆಯಲ್ಲಿ ಒಗ್ಗರಣಿ, ಮೇಲೊಂದು ಮಿರ್ಚಿ.
ರಾಯಚೂರಿನ ಆಗಸ್ಟು. ಫ್ಯಾನು ಸುತ್ತುತ್ತಿದೆ,
ಕಾಗದ ಅಲುಗುತ್ತಿಲ್ಲ.
ನಾನು ನಡವಳಿ ಬರೆಯುವವಳು, ಕೊನೆಯ ಕುರ್ಚಿ.
ಹನ್ನೊಂದು ವರ್ಷದಿಂದ ನನ್ನ ವಾಕ್ಯಗಳಿಗೆ ಕರ್ತೃವಿಲ್ಲ:
ಚರ್ಚಿಸಲಾಯಿತು. ಸೂಚಿಸಲಾಯಿತು.
ಸಮನ್ವಯ ಸಾಧಿಸತಕ್ಕದ್ದೆಂದು ತಿಳಿಸಲಾಯಿತು.
ಯಾರು, ಯಾರಿಗೆ ಎಂದು ಕೇಳುವುದು
ಐದನೆಯ ಇಯತ್ತೆಯ ವ್ಯಾಕರಣ.

ನೀರಾವರಿಯವರೆಂದರು: ಮೇಲಿನಿಂದ ಬಿಟ್ಟಿದ್ದು ಎರಡು ಲಕ್ಷ ಕ್ಯೂಸೆಕ್,
ನಮಗೆ ಬಂದ ಕಾಗದದಲ್ಲಿ ಒಂದೂವರೆ.
ಕಂದಾಯದವರೆಂದರು: ಡಂಗುರ ಹೊಡೆಸಿದ್ದೇವೆ.
ಕುಡಿಯುವ ನೀರಿನವರು ಎದ್ದು ನಿಂತು, ಕನ್ನಡಕ ಒರೆಸುತ್ತ,
ಲಿಂಗಸುಗೂರ ಕಡೆ ಹದಿನಾಲ್ಕು ಹಳ್ಳಿಗೆ ಟ್ಯಾಂಕರು ಬೇಕೆಂದರು;
ಅಲ್ಲಿಯ ಬೋರುಗಳಲ್ಲಿ ಬರೇ ದೂಳು.
ಒಬ್ಬರ ನಕ್ಷೆಯಲ್ಲಿ ಜಿಲ್ಲೆ ಕೆಂಪು, ಇನ್ನೊಬ್ಬರದರಲ್ಲಿ ನೀಲಿ.
ಯಾರೋ ಯಾವ ಗುಂಡಿ ಒತ್ತಿದರೋ,
ಪರದೆಯ ಮೇಲೆ ಎರಡೂ ಒಮ್ಮೆಲೇ ಬಿದ್ದು
ಬದನೆಕಾಯಿ ಬಣ್ಣದ ಒಂದು ಜಿಲ್ಲೆ.

ವಿಷಯ ಸಂಖ್ಯೆ ಏಳು: ಹೊಳೆದಂಡೆಯ ಜಾಕ್‌ವೆಲ್ಲು.
ನೆರೆ ಬಂದರೆ ಮೋಟಾರು ಮೇಲೆತ್ತಬೇಕು,
ಎತ್ತುವ ಮೊದಲು ಕರೆಂಟು ತೆಗೆಯಬೇಕು,
ತೆಗೆಯುವ ಮೊದಲು ಊರ ಟಾಕಿ ತುಂಬಿಸಿಡಬೇಕು.
ಮೂರು ಕೆಲಸ, ಮೂರು ಇಲಾಖೆ.
ಹೋದ ವರ್ಷ ಯಾರೂ ಯಾರಿಗೂ ಹೇಳಲಿಲ್ಲ.
ಹೊಳೆ ಎರಡೂ ದಂಡೆ ಮುಳುಗಿಸಿ ಹರಿದ ಒಂಬತ್ತು ದಿನ
ಊರ ನಳದಲ್ಲಿ ಗಾಳಿ ಉಸುಗುಟ್ಟಿತು.
ಖಾಲಿ ಕೊಡ ಸೊಂಟಕ್ಕಿಟ್ಟು ಹೆಂಗಸರು
ಅಷ್ಟು ನೀರನ್ನು ನೋಡುತ್ತ ನಿಂತಿದ್ದರು.

ಈ ಸಲ ಹಾಗಾಗಲಿಲ್ಲ. ನಾಲ್ಕನೆಯ ದಿನ, ನಳ ಇನ್ನೂ ಬರುತ್ತಿದೆ.
ಅದು ಸಮನ್ವಯ, ಎಂದರು ಒಬ್ಬರು.
ಪೂರ್ವಸಿದ್ಧತೆ, ಎಂದು ತಿದ್ದಿದರು ಇನ್ನೊಬ್ಬರು.
ಬಾಗಿಲ ಬಳಿ ನಿಂತವ ಕೆಮ್ಮಿದ.
ಕರೆಸಿದ್ದರು, ಕುರ್ಚಿ ಹಾಕಿಸಿರಲಿಲ್ಲ.
ಮೌಲಪ್ಪ. ಸೇತುವೆ ಕಂಬದ ಮಾಪಕ ಓದುವವ, ದಿನಗೂಲಿ.

"ರಾತ್ರಿ ಎರಡಕ್ಕ ಕಂಬದ ಮ್ಯಾಲಿನ ಕೆಂಪು ಗೆರಿ ಮುಚ್ಚಿತ್ರಿ.
ಕಾಗದ ಬರಾದು ಮುಂಜಾನಿ.
ಹೊಳಿ ಅಲ್ಲೀತನಕ ಕಾಯ್ತದೇನ್ರಿ?
ವಾಲ್ವಿನ ಖಾಜಾಹುಸೇನಗ ಫೋನ್ ಹಚ್ಚಿದೆ, ಟಾಕಿ ತುಂಬು ಅಂದೆ.
ಲೈನ್‌ಮನ್ ಭೀಮರಾಯ ಎತ್ತಲಿಲ್ರಿ.
ಅವನ ಹೇಣ್ತಿ ನರಸಮ್ಮ ನಮ್ಮ ಓಣಿಯಾಕಿ, ಆಕಿಗೆ ಹಚ್ಚಿದೆ.
ಮನ್ಯಾಗ ಇದ್ದದ್ದೊಂದು ಚರಗಿ ನೀರು
ಗಂಡನ ಮಾರಿಗೆ ಉಗ್ಗಿ ಎಬ್ಬಿಸಿದಳಂತ್ರಿ."

ಸಭೆ ನಕ್ಕಿತು.
ನಗಲಾಯಿತು ಎಂದು ಬರೆಯುವ ಪದ್ಧತಿ ಇಲ್ಲ.

ಸಂಜೆ ಬೆರಳುಗಳು ತಾವಾಗಿಯೇ ಟೈಪಿಸಿದ್ದವು:
ಮುನ್ನೆಚ್ಚರಿಕೆ ಕ್ರಮ ಕೈಗೊಳ್ಳಲಾಯಿತು.
ಅಳಿಸಿದೆ.
ಮೌಲಪ್ಪ ನೋಡಿದ. ಖಾಜಾಹುಸೇನ ತುಂಬಿಸಿದ.
ನರಸಮ್ಮ ಎಬ್ಬಿಸಿದಳು. ಭೀಮರಾಯ ಸ್ವಿಚ್ಚು ಎಳೆದ.
ಇಷ್ಟು ಗಿಡ್ಡ ವಾಕ್ಯಗಳನ್ನು ಈ ಕಂಪ್ಯೂಟರು ಕಂಡಿರಲಿಲ್ಲ.
ಪಕ್ಕದಲ್ಲೊಂದು ಕಾಲಮು: ಹೊಣೆಗಾರ ಇಲಾಖೆ.
ಬಹಳ ಹೊತ್ತು ಖಾಲಿ ಬಿಟ್ಟು, ಬರೆದೆ:
ಓಣಿ.

ಬರಕ್ಕೆ ಕೆಂಪು ಗೆರೆ ಎಲ್ಲಿ ಎಳೆಯಬೇಕೋ ತಿಳಿಯದು.
ಅದು ಯಾರನ್ನೂ ರಾತ್ರಿ ಎರಡಕ್ಕೆ ಎಬ್ಬಿಸುವುದಿಲ್ಲ,
ಎದ್ದವರ ಜೊತೆಗೇ ಏಳುತ್ತದೆ.
ಆ ಹದಿನಾಲ್ಕು ಹಳ್ಳಿಯ ವಿಷಯ ಸಂಖ್ಯೆ ಮೂರು;
ಅಲ್ಲಿ ಮಾತ್ರ ನನಗೆ ಹೆಸರು ಸಿಗಲಿಲ್ಲ.
"ಪರಿಶೀಲಿಸಲಾಗುವುದು" ಹಾಗೆಯೇ ಉಳಿಯಿತು.

ಫೈಲು ಗುರುವಾರ ಮರಳಿತು.
ಆರು ವಿಷಯಕ್ಕೆ ಹಸಿರು ಶಾಯಿಯ ಗೀಟು,
ಏಳಕ್ಕೆ ಒಂದು ಪ್ರಶ್ನೆ:
ನರಸಮ್ಮ ಯಾರು? ಯಾವ ಇಲಾಖೆ?

ಹೊಳೆ ಇಳಿಯುತ್ತಿತ್ತು. ಕಂಬದ ಮೇಲೆ ಕೆಸರಿನ ಗೆರೆ,
ಅದರ ಕೆಳಗೆ ಇನ್ನೊಂದು, ಇನ್ನೂ ಒದ್ದೆ.
ಮೌಲಪ್ಪನನ್ನು ಕೇಳಿ ಹತ್ತು ಅಂಕಿಯ ನಂಬರೊಂದನ್ನು ತಂದು
ಉತ್ತರದ ಜಾಗದಲ್ಲಿ ಬರೆದೆ.
ಷರಾ:
ರಾತ್ರಿ ಎರಡಕ್ಕೂ ಎತ್ತುತ್ತಾರೆ.