ಹುಳ ಕಟ್ಟುವವಳು

ಬ್ಯಾಂಕಿನ ಬಾಯೋರ ರವಿಕೆ ಹೊಲಿದು ಉಳಿದ
ಒಂದು ಗೇಣು ಜರಿ ಎಳೆ
ವಾಪಸು ಕೊಡಲಿಲ್ಲ ನಾನು.
ಈ ಕಳವು ಒಪ್ಪಿಕೊಂಡೇ ಶುರು ಮಾಡುತ್ತೇನೆ.

ಹೊಲಿಗೆ ಯಂತ್ರದ ಸೂಜಿ ಬಿಚ್ಚಿ
ಆ ಸಂದಿನಲ್ಲಿ ಗಾಳ ಸಿಕ್ಕಿಸಿ
ಹುಂಜದ ಕತ್ತಿನ ಗರಿ ಸುತ್ತುತ್ತೇನೆ, ನಾಲ್ಕು ಸುತ್ತು.
ರೆಕ್ಕೆಗೆ ಈರುಳ್ಳಿಯ ಒಳಸಿಪ್ಪೆ.
ಹೊಟ್ಟೆಗೆ ಬಾಯೋರ ಜರಿ.
ಉಗುರಷ್ಟು ಸುಳ್ಳು;
ನೀರ ಮೇಲೆ ಬಿಟ್ಟರೆ ಉಸಿರಾಡುತ್ತದೆ.

ಕಲಿಸಿದವಳು ಗಣಪಿ ಅತ್ತೆ.
ಉಪ್ಪಿನಪಟ್ಟಣದ ಕಡವಿನಲ್ಲಿ,
ಭರತ ಅಷ್ಟು ದೂರದಿಂದ ಬಂದು ನಿಂತು
ಸಿಹಿನೀರಿಗೆ ಏನೋ ಹೇಳಿ ಹಿಂದಿರುಗುವಲ್ಲಿ
ಸೀರೆ ಎತ್ತಿ ಕಟ್ಟಿ ಮಂಡಿಮಟ್ಟ ಇಳಿಯುವಳು.
"ಎರೆಹುಳ ಯಾರಾದ್ರೂ ಚುಚ್ತಾರೆ.
ಮೀನು ಇವತ್ತು ಎಂತ ಉಣ್ತದೆ ಅಂತ
ಮೀನಿನ ಹೊಟ್ಟೇನೆ ಕೇಳು."

ಅದಕ್ಕೇ ಮೊದಲ ಮೀನು ಸಾರಿಗಲ್ಲ.
ಬಾಳೆಲೆ ಚೂರಿನ ಮೇಲೆ ಸೀಳಿ
ಬೆರಳಲ್ಲಿ ಬಿಡಿಸಿ ಬಿಡಿಸಿ ಓದುವಳು ಪಂಚಾಂಗ:
ರೋಹಿಣಿಗೆ ಗೆದ್ದಲ ಹಾತೆ, ರೆಕ್ಕೆ ಉದುರಿದ್ದು.
ಹುಬ್ಬೆಯ ಬಿಸಿಲುಮಳೆಗೆ ಗದ್ದೆಯಂಚಿನ ಮಿಡತೆ,
ಇನ್ನೂ ಹಸಿರಾಗಿಯೇ ಇರುವ ಒಂದು ಕಾಲು.
ಶಿವರಾತ್ರಿ ಕಳೆದರೆ ಕೆಂಜಿಗ, ಬರೀ ಕೆಂಜಿಗ,
ಹೊಳೆಗೆ ಬಾಗಿದ ಸುರಹೊನ್ನೆಯಲ್ಲಿ ಗೂಡು ಹರಿದಿರಬೇಕು.
"ನಿನ್ನ ಶಾಲೆ ರಿಬ್ಬನ್ನಿಂದ ಒಂದು ಕೆಂಪೆಳೆ ತಾ."
ಒಂದು ಅಂದವಳು ಇಡೀ ರಿಬ್ಬನ್ ಮುಗಿಸಿದಳು.

ಆರಿದ್ರೆಯಿಂದ ಆಶ್ಲೇಷದ ತನಕ ಹೊಳೆ ಯಾರದೂ ಅಲ್ಲ.
ಕೆಂಪು ನೀರು, ಬುಡಸಮೇತ ಬಂದ ಬಿದಿರುಮೆಳೆ,
ಒಮ್ಮೆ ಒಂದು ಪ್ಲಾಸ್ಟಿಕ್ ಕುರ್ಚಿ, ಕಾಲು ಮೇಲಾಗಿ.
ಆಗ ನಾನು ಯೂನಿಫಾರಂ ಹೊಲಿಯುತ್ತೇನೆ.

ಮಾಗಿಯಲ್ಲಿ ಬೇರೆಯೇ ಕಷ್ಟ:
ತಳದ ಕಲ್ಲು ಎಣಿಸಬಹುದು,
ಕಲ್ಲಿನ ಪಕ್ಕದವರು ನನ್ನನ್ನೂ ಎಣಿಸಬಹುದು.
ಹಾರುವುದು ಸಾಸಿವೆಗಿಂತ ಸಣ್ಣದು, ಬೂದಿಬಣ್ಣದ್ದು.
ಅದನ್ನು ಕಟ್ಟಲು ಕಣ್ಣು ಸಾಲದು ಈಗ.
ಅತ್ತೆಗೂ ಹೀಗೇ ಆಗಿತ್ತು.
ಕನ್ನಡಕ ಮಾತ್ರ ಹಾಕಲಿಲ್ಲ ಕೊನೆಯವರೆಗೆ,
ಮೀನಿಗೆ ಹೊಳೀತದೆ ಎಂದು.

ಆದರೆ ಸ್ವಾತಿ.
ಮಳೆ ಬಿಟ್ಟ ಮೂರನೆಯ ರಾತ್ರಿ, ಗಾಳಿಯಿಲ್ಲ,
ಕಡವಿನ ದೀಪಕ್ಕೆ ನೀರೇ ಎದ್ದು ಬಂದ ಹಾಗೆ
ಒಂದಿರುಳ ಹಾತೆ.
ವರ್ಷವಿಡೀ ಕಲ್ಲಡಿಯ ಪಾಚಿ ತಿಂದು
ಹಾರುವ ದಿನ ಬಂದಾಗ ಬಾಯೇ ಇಲ್ಲ ಅದಕ್ಕೆ.
ಉಣ್ಣಲು ಪುರುಸೊತ್ತೆಲ್ಲಿ:
ಕೂಡಬೇಕು, ಮೊಟ್ಟೆಯಿಡಬೇಕು, ಬೀಳಬೇಕು.
ಬಾಯಿಲ್ಲದ್ದರ ಕೆಳಗೆ
ಬಾಯಿ ತೆರೆದು ನಿಂತಿತ್ತು ಇಡೀ ಹೊಳೆ.
ಪಕ್ಕೆ ಮೀನುಗಳ ಪುಟಪುಟ; ಅವುಗಳ ಹಿಂದೆ, ತಡವಾಗಿ,
ಯಾರೋ ಬಾಗಿಲು ಹಾಕಿಕೊಂಡಂಥ ಸದ್ದು.
ಕುರಡೆ.
ಹೆಸರಷ್ಟೇ ಕುರಡೆ, ಟಾರ್ಚು ಬಿಟ್ಟರೆ ಕಣ್ಣು ಕೆಂಡ.

ಕೋಲು ಎತ್ತಿದವಳು ಎಸೆಯದೆ ನಿಂತೆ.
ನನ್ನ ಹುಳದ ಮೇಲೆ ಒಂದು ಹುಳ ಕೂತಿತ್ತು,
ಈರುಳ್ಳಿ ರೆಕ್ಕೆಗೆ ತನ್ನ ರೆಕ್ಕೆ ತಾಗಿಸಿ,
ಉದ್ದನೆಯ ಮುಂಗಾಲು ಚಾಚಿ
ಜರಿಯ ಸೊಂಟ ಹಿಡಿದುಕೊಂಡು.

ಮೀನಿಗೆಂದು ಹೇಳಿದ್ದನ್ನು
ಮೊದಲು ನಂಬಿದ್ದು ಇದು.
ಕೊಡವಬಹುದಿತ್ತು. ಉಫ್ ಎಂದರೂ ಸಾಕಿತ್ತು.
ಇರುವುದೊಂದು ರಾತ್ರಿ, ಅದರಲ್ಲಿ ಕಾಲು ಗಂಟೆ
ನನ್ನ ಕಸುಬಿನ ಮೇಲೆ ಕಳೆಯುತ್ತಿದೆ.
ರಟ್ಟೆ ನಡುಗುವ ತನಕ ಹಿಡಿದೇ ಇದ್ದೆ.
ಅತ್ತ ಹೊಳೆಯಲ್ಲಿ ಇನ್ನೊಮ್ಮೆ, ಮತ್ತೊಮ್ಮೆ
ಬಾಗಿಲು ಹಾಕಿಕೊಂಡಿತು.

"ಸಿಕ್ತೇನೆ?" ಆಚೆ ದಂಡೆಯಿಂದ
ಏಡಿ ಹಿಡಿಯುವ ಜಟ್ಟಿ.
"ಸಿಕ್ತು. ಮೀನಲ್ಲ" ಎಂದೆ.
ಅವನು ನಕ್ಕದ್ದು ನೀರ ಮೇಲೆ ಬಂತು.

ಬೆಳಿಗ್ಗೆ ದೀಪದ ಕಂಬದಡಿ
ಮೊರ ತುಂಬ ರೆಕ್ಕೆ ಗುಡಿಸಿ ಎಸೆದರು.
ಒಂಬತ್ತೂವರೆಗೆ ಬಾಯೋರು ಬಂದರು,
ತೋಳು ಬಿಗಿಯಂತೆ, ಒಂದು ಹೊಲಿಗೆ ಬಿಡಿಸಬೇಕಂತೆ.
ಹೋಗುವಾಗ ಬಾಗಿಲಲ್ಲಿ ತಿರುಗಿ,
"ಜರಿ ಏನಾದ್ರೂ ಉಳೀತಾ?"

ಇಲ್ಲ ಬಾಯೋರೆ.
ಅಳತೆಗೆ ಸರಿಯಾಯ್ತು.