ನಾಲ್ಕರ ತಗಡು

ಮೊಂತೆವಿದೆಯೊ ಕೊಲ್ಲಿಯ ಅಂಚಿಗೆ,
ಮುಚ್ಚಿಹೋದ ಕಸಾಯಿಖಾನೆಯ ಬೆನ್ನಿಗೆ
ನಮ್ಮ ಲುಸೆರ್ನಾ ತಂಡದ ಮೈದಾನ.
ಒಂದು ಗೋಲಿನ ಹಿಂದೆ ಹಡಗುಗಳು,
ಇನ್ನೊಂದರ ಹಿಂದೆ ನೀಬಿಯಾಳ ಬಟ್ಟೆ ಒಣಗುವ ತಂತಿ.
ನಮ್ಮವರು ಒದ್ದ ಚೆಂಡು
ಹೆಚ್ಚಾಗಿ ಅವಳ ದುಪ್ಪಟಿಯ ಬಲೆಗೇ ಬೀಳುತ್ತದೆ.

ಅಂಕದ ಹಲಗೆ ನನ್ನ ಪಾಲಿಗೆ ಬಂದ ಕೆಲಸ.
ಎರಡು ಮೊಳೆ, ಒಂದು ಏಣಿ,
ಎಣ್ಣೆಡಬ್ಬ ಸೀಳಿ ಮಾಡಿದ ತಗಡಿನ ಅಂಕಿಗಳು.
ಸೋದರಮಾವ ಎಲಾದಿಯೋ ಕೂತು ಬರೆದದ್ದು,
ಎರಡೂ ಕಡೆಗೆ ಸೊನ್ನೆಯಿಂದ ಒಂಬತ್ತು.
ಕೂಸು ಹುಟ್ಟುವ ಮುಂಚೆ ಕುಲಾವಿಯೇ ಎಂದರಂತೆ ಜನ.
ಹುಟ್ಟಿದರೆ ತಲೆ ತಣ್ಣಗಾದೀತು ಎಂದನಂತೆ.

ಬಂದವರ ಕಡೆಯ ಅಂಕಿಗಳು ಸವೆದೂ ಸವೆದು
ಮೂರೋ ಎಂಟೋ ತಿಳಿಯುವುದಿಲ್ಲ.
ನಮ್ಮ ಸೊನ್ನೆಗೆ ಈವರೆಗೆ ಏಳು ಸಲ ಹೊಸ ಬಣ್ಣ.
ಒಂದು ತುಕ್ಕು ಹಿಡಿದಿದೆ, ಎರಡು ಮಾಸಿದೆ,
ಮೂರು ಏಣಿ ಹತ್ತಿದ್ದು ನನಗೆ ನೆನಪಿದೆ, ಎರಡು ಸಲ.
ನಾಲ್ಕಕ್ಕೆ ಮೊಳೆಯ ಗೀರೂ ಇಲ್ಲ.

ಸುಮ್ಮನೆ ಯಾಕೆ ಬಿದ್ದಿರಬೇಕು?
ಬಾಣಲೆಗೆ ಮುಚ್ಚಳ ಮಾಡಿಕೊಂಡೆ.
ಮಳೆ ಬಂದ ಭಾನುವಾರ ಹಲಗೆಯ ಬುಡದಲ್ಲೇ
ದನದ ಕೊಬ್ಬಿನಲ್ಲಿ ತೊರ್ತಾ ಫ್ರೀತಾ ಕರಿದು ಮಾರುತ್ತೇನೆ,
ನಡುವೆ ತೂತು, ಮೇಲೆ ಸಕ್ಕರೆ.
ಕ್ಲಬ್ಬಿಗೆ ಬರುವ ಆದಾಯ ಅಷ್ಟೇ.

ನಲವತ್ತು ಜನ ಇದ್ದೇವೆ.
ಹಾಳೂರಿಗೆ ಉಳಿದವನೇ ಗೌಡ; ಇಲ್ಲಿ ನಲವತ್ತೂ ಗೌಡರು,
ನಲವತ್ತೂ ತರಬೇತುದಾರರು.
ನಿವೃತ್ತ ಬಸ್ ಡ್ರೈವರ್ ವಾಷಿಂಗ್ಟನ್ ಪೆದ್ರೋಸೋ
ಪ್ರತಿ ಸೋಲಿಗೂ ಸದಸ್ಯತ್ವದ ಚೀಟಿ ಹರಿಯುತ್ತಾನೆ,
ಸೋಮವಾರ ಅಂಗಡಿಗೆ ಹೋಗಿ ಗೋಂದು ತರುತ್ತಾನೆ.
ಆ ಚೀಟಿಯಲ್ಲೀಗ ಕಾಗದಕ್ಕಿಂತ ಅಂಟೇ ಜಾಸ್ತಿ.

ಸೋಲುತ್ತಲೇ ಇದ್ದಿದ್ದರೆ ಎಂದೋ ಬಿಟ್ಟುಬಿಡಬಹುದಿತ್ತು.
ಇವರು ಅಷ್ಟು ಒಳ್ಳೆಯವರಲ್ಲ.
ಏಪ್ರಿಲಿನಲ್ಲಿ ಒಂದು ಗೆಲುವು, ಆಗಸ್ಟಿನಲ್ಲಿ ಒಂದು:
ಮೂಗಿಗೆ ತುಪ್ಪ.
ವರ್ಷದ ಊಟವೆಲ್ಲ ಆ ವಾಸನೆಯಲ್ಲೇ.

ಸಾನ್ ಬೆಲ್ತ್ರಾನಿನವರು ಬಂದ ದಿನ ಜಿನುಗು ಮಳೆ.
ನಾಲ್ಕನೆಯದನ್ನು ಹೊಡೆದವನು ಮಾಯ್ಕೋಲ್,
ವಾರವೆಲ್ಲ ಸೈಕಲ್ಲಿನಲ್ಲಿ ಮೀನು ಮುಟ್ಟಿಸುವ ಹುಡುಗ.
ಮೊದಲು ಯಾರೂ ಕೂಗಲಿಲ್ಲ.
ನಾಲ್ಕು, ಮೂರು. ನಾಲ್ಕು ನಮ್ಮದು.
ಆಮೇಲೆ ನಲವತ್ತು ಗಂಟಲೂ ಒಟ್ಟಿಗೆ
ನನ್ನ ಕಡೆ ತಿರುಗಿ: ತಗಡು! ತಗಡು!

ಬಾಣಲೆಯ ಮೇಲಿಂದ ಎಳೆದೆ, ಬೆರಳು ಸುಟ್ಟಿತು,
ಏಪ್ರನ್ನಿನಲ್ಲಿ ಸುತ್ತಿಕೊಂಡು ಏಣಿ ಹತ್ತಿದೆ.
ಮೊಳೆಗೆ ಸಿಗಿಸಹೋದರೆ ತೂತೇ ಇಲ್ಲ.
ಎಷ್ಟೋ ವರ್ಷದ ಜಿಡ್ಡು ಕಟ್ಟಿ ಮುಚ್ಚಿಕೊಂಡಿದೆ.
ಕೂದಲಿನ ಪಿನ್ನು ಕಿತ್ತು ಚುಚ್ಚತೊಡಗಿದೆ.

ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದವಳು ನಾನು,
ಅವರ ನಾಲ್ಕನೆಯದನ್ನು ನೋಡಲಿಲ್ಲ.
ಬೆನ್ನಿಗೆ ಕೇಳಿಸಿತು.
ಮಳೆಯ ಸದ್ದು ಒಮ್ಮೆಗೇ ಜೋರಾದ ಹಾಗೆ.
ಐದನೆಯದನ್ನು ನೋಡಿದೆ,
ಅದು ಬಂದದ್ದು ಕೊನೆಯ ಸೀಟಿಗೆ ಸ್ವಲ್ಪ ಮುಂಚೆ.

ಯಾರೂ ಮನೆಗೆ ಹೊರಡಲಿಲ್ಲ.
ಹಲಗೆಯ ಕೆಳಗೆ ನಿಂತು ನೋಡಿದರು.
ನಮ್ಮ ನಾಲ್ಕರ ಮೇಲೆ ಮಳೆ ನಿಲ್ಲುತ್ತಿರಲಿಲ್ಲ,
ಹನಿ ಹನಿಯಾಗಿ ಜಾರಿ ಹೋಗುತ್ತಿತ್ತು.
ಪೆದ್ರೋಸೋ ಚೀಟಿ ತೆಗೆದ,
ಎರಡೂ ಕೈಯಲ್ಲಿ ಹಿಡಿದ,
ಮತ್ತೆ ಕಿಸೆಗಿಟ್ಟ.

ಸೋಮವಾರ ಸಂತೆಯಲ್ಲಿ ಒಂದು ಮುಚ್ಚಳ ಕೊಂಡೆ.
ನಾಲ್ಕನ್ನು ಬೂದಿ ಹಾಕಿ ಉಜ್ಜಿದೆ.
ಕೈ ಹೇಗೂ ಒದ್ದೆಯಾಗಿತ್ತು,
ನಮ್ಮ ಐದನ್ನೂ ಹುಡುಕಿ ಹೊರಗೆ ತಂದು
ಬೆಳಕಿಗೆ ಹಿಡಿದು ನೋಡಿದೆ.
ತೂತು ಸರಿಯಾಗಿಯೇ ಇತ್ತು,
ಅದರೊಳಗೆ ಒಂದು ಹಡಗಿನ ಮೂತಿ.